ಬಲ್ಬು ಆರಿಸಿದರೂ ಬಿಲ್ಲು ಯಾಕೆ ಇಳಿಯಲಿಲ್ಲ?

ಹೋದ ಸಂಚಿಕೆಯಲ್ಲಿ ಕರೆಂಟು, ಗ್ಯಾಸು, ಕಸ ಈ ಮೂರರ ಬಗ್ಗೆ ಏನೇ ಕೇಳಬೇಕಿದ್ದರೂ ಬರೆಯಿರಿ ಅಂದಿದ್ದೆ. ಬಂದ ಪತ್ರಗಳನ್ನು ಓದುತ್ತಾ ನಿಜಕ್ಕೂ ಖುಷಿಯಾಯಿತು. ಯಾರೂ ಸುಮ್ನೆ ಕೇಳಿಲ್ಲ. ಮನೆಯಲ್ಲಿ ಏನೋ ಒಂದು ಮಾಡಿ ನೋಡಿ, ಎಲ್ಲಿ ತೊಡಕಾಯಿತೋ ಅಲ್ಲಿಂದಲೇ ಪ್ರಶ್ನೆ ಎತ್ತಿದ್ದಾರೆ. ಒಂದೇ ಥರದವನ್ನು ಒಟ್ಟು ಸೇರಿಸಿ ಉತ್ತರ ಬರೆದಿದ್ದೇನೆ.

ಪ್ರಶ್ನೆ: ಅಕ್ಕಾ, ನಮ್ಮದು ನಾಲ್ಕು ಜನರ ಮನೆ. ಎಲ್ಲ ಕಡೆ ಎಲ್‌ಇಡಿ ಹಾಕಿದ್ದೇವೆ, ರೂಮಿಂದ ಹೊರಗೆ ಬಂದರೆ ಲೈಟು ಆರಿಸಲೇಬೇಕು ಅಂತ ಮಕ್ಕಳಿಗೆ ಕಟ್ಟುನಿಟ್ಟು ಮಾಡಿದ್ದೇನೆ. ಆದರೂ ಡಿಸೆಂಬರ್‌ನಲ್ಲಿ 212 ಯೂನಿಟ್ ಬಂದು ಗೃಹಜ್ಯೋತಿ ತಪ್ಪಿಹೋಯಿತು, ಇಡೀ ಬಿಲ್ಲು ಕಟ್ಟಬೇಕಾಯಿತು. ಕರೆಂಟು ಎಲ್ಲಿ ಹೋಗುತ್ತಿದೆ?
– ಗೃಹಿಣಿ, ಹಾಸನ

ಉತ್ತರ: ನಿಮ್ಮ ಬೇಜಾರು ಅರ್ಥವಾಗುತ್ತದೆ. 200 ದಾಟಿದರೆ ಮೇಲಿನ 12 ಯೂನಿಟ್ಟಿಗೆ ಮಾತ್ರ ಅಲ್ಲ, ಪೂರ್ತಿ ಬಿಲ್ಲು ಬರುತ್ತದೆ. ಹಾಗಾಗಿ ಆ 12 ಯೂನಿಟ್ ಎಲ್ಲಿದೆ ಅಂತ ಹುಡುಕೋಣ. ನೀವು ಹುಡುಕುತ್ತಿರುವುದು ಲೈಟಿನಲ್ಲಿ. ಅದು ಇರುವುದು ಬಚ್ಚಲುಮನೆಯಲ್ಲಿ.

ಒಂದು ಲೆಕ್ಕ ನೋಡಿ. ಹಾಸನದ ಚಳಿಗೆ ಬೆಳಗ್ಗೆ ಟ್ಯಾಂಕಿನ ನೀರು 20 ಡಿಗ್ರಿ ಆಸುಪಾಸು ಇರುತ್ತದೆ ಅಂದುಕೊಳ್ಳಿ. ಸ್ನಾನಕ್ಕೆ ಹದವಾದ ನೀರು ಅಂದರೆ ಸುಮಾರು 40 ಡಿಗ್ರಿ. 20 ಲೀಟರಿನ ಒಂದು ಬಕೆಟ್ ನೀರನ್ನು ಅಷ್ಟು ಬಿಸಿ ಮಾಡಲು ಹೆಚ್ಚುಕಡಿಮೆ ಅರ್ಧ ಯೂನಿಟ್ ಬೇಕು. ಅದೇ ಅರ್ಧ ಯೂನಿಟ್ಟಿನಲ್ಲಿ 9 ವ್ಯಾಟಿನ ಎಲ್‌ಇಡಿ ಬಲ್ಬು ಐವತ್ತು ಗಂಟೆಗೂ ಜಾಸ್ತಿ ಉರಿಯುತ್ತದೆ! ಅಂದರೆ ನಿಮ್ಮ ಮಗ ಒಂದು ಬಕೆಟ್ ಬಿಸಿನೀರು ಕಡಿಮೆ ಬಳಸಿದರೆ, ಅವನ ರೂಮಿನ ಬಲ್ಬು ಎರಡು ದಿನ ಹಗಲೂ ರಾತ್ರಿ ಉರಿದಷ್ಟು ಕರೆಂಟು ಉಳಿಯಿತು. ನಾಲ್ಕು ಜನಕ್ಕೆ ದಿನಾ ನಾಲ್ಕು ಬಕೆಟ್ ಅಂದರೂ ತಿಂಗಳಿಗೆ 55ರಿಂದ 60 ಯೂನಿಟ್ ಆಗುತ್ತದೆ. ಶವರ್ ಹಾಕಿಕೊಂಡು ನಿಲ್ಲುವವರಿದ್ದರೆ ಎರಡು, ಮೂರು ಬಕೆಟ್ ಹರಿದು ಹೋದದ್ದೇ ಗೊತ್ತಾಗುವುದಿಲ್ಲ.

ಲೈಟು ಆರಿಸುವುದು ಬಿಡಬೇಡಿ, ಮಕ್ಕಳಿಗೆ ಅದು ಒಳ್ಳೆ ಅಭ್ಯಾಸ. ಆದರೆ ಬಿಸಿ ಮಾಡುವ ಸಾಮಾನು ಯಾವುದೇ ಇರಲಿ, ಗೀಸರ್, ಇಸ್ತ್ರಿಪೆಟ್ಟಿಗೆ, ಇಂಡಕ್ಷನ್ ಒಲೆ, ನೀರು ಕಾಯಿಸುವ ಕಾಯಿಲ್, ಮೊದಲು ಅದರ ಕಡೆ ಕಣ್ಣಿಡಿ. ಕರೆಂಟು ತಿನ್ನುವುದು ಶಾಖ.

ನಾಳೆಯಿಂದಲೇ ಮಾಡಬಹುದಾದದ್ದು ಹೇಳುತ್ತೇನೆ. ಬೆಳಗ್ಗೆ ಐದಕ್ಕೆ ಗೀಸರ್ ಹಾಕಿ ಎಂಟರವರೆಗೆ ಬಿಡುವ ಪದ್ಧತಿ ತುಂಬಾ ಮನೆಗಳಲ್ಲಿದೆ. 25 ಲೀಟರಿನ, 2000 ವ್ಯಾಟಿನ ಗೀಸರ್ ಕಾಯಲು ಅರ್ಧ ಗಂಟೆ ಸಾಕು. ಆಮೇಲೆ ಅದು ಆರುತ್ತಾ, ಮತ್ತೆ ತಾನೇ ಕಾಯಿಸಿಕೊಳ್ಳುತ್ತಾ ಇರುತ್ತದೆ. ಹಾಗಾಗಿ ಎಲ್ಲರೂ ಒಬ್ಬರ ಹಿಂದೆ ಒಬ್ಬರು ಸ್ನಾನ ಮುಗಿಸಿ, ಕೊನೆಯವರು ಒಳಗೆ ಹೋಗುವಾಗ ಸ್ವಿಚ್ ಆರಿಸಲಿ, ಒಳಗಿರುವ ನೀರು ಅವರಿಗೆ ಧಾರಾಳ ಆಗುತ್ತದೆ. ಗೀಸರ್ ಮೇಲೆ ಬಿಸಿ ಹೆಚ್ಚು ಕಡಿಮೆ ಮಾಡುವ ತಿರುಪು ಇದ್ದರೆ 50ರ ಹತ್ತಿರ ಇಡಿ. ಕುದಿಯುವಷ್ಟು ಕಾಯಿಸಿ ಮತ್ತೆ ತಣ್ಣೀರು ಬೆರೆಸುವುದು ಯಾಕೆ, ಅಲ್ವಾ? ಇನ್ನೊಂದು, ಚಳಿಗಾಲದಲ್ಲೂ ತಾರಸಿ ಮೇಲಿನ ಕಪ್ಪು ಟ್ಯಾಂಕಿನ ನೀರು ಮಧ್ಯಾಹ್ನ ಮೂರು, ನಾಲ್ಕು ಗಂಟೆಗೆ ಬಿಸಿಲಿಗೆ ಬೆಚ್ಚಗಾಗಿರುತ್ತದೆ. ಮನೆಯಲ್ಲಿರುವವರು ಒಬ್ಬರು ಆ ಹೊತ್ತಿಗೆ ಸ್ನಾನ ಮಾಡಿದರೂ ಸಾಕು. ಸ್ವಂತ ಮನೆ ಆಗಿದ್ದು ಕೈಯಲ್ಲಿ ಒಂದಿಷ್ಟು ದುಡ್ಡು ಇದ್ದರೆ ಸೋಲಾರ್ ವಾಟರ್ ಹೀಟರ್ ಹಾಕಿಸಿ. ನಿಮ್ಮ ಮನೆಗೆ 200 ಲೀಟರಿನದು ಆರಾಮ.

ನನ್ನ ಮಾತನ್ನು ಸುಮ್ನೆ ನಂಬಬೇಡಿ. ರಾತ್ರಿ ಮಲಗುವ ಮುಂಚೆ ಮೀಟರಿನಲ್ಲಿ ಯೂನಿಟ್ ಎಷ್ಟು ಅಂತ ಬರೆದುಕೊಳ್ಳಿ, ಬೆಳಗ್ಗೆ ಎದ್ದ ಕೂಡಲೇ ಒಮ್ಮೆ, ಎಲ್ಲರ ಸ್ನಾನ ಮುಗಿದ ಮೇಲೆ ಒಮ್ಮೆ. ಒಂದು ವಾರ ಬರೆದರೆ ನಿಮ್ಮ ಮನೆಯ ಕಥೆ ಮೀಟರೇ ಹೇಳುತ್ತದೆ. 200ರ ಒಳಗೆ ಬಂದು ಬಿಲ್ಲು ಸೊನ್ನೆಯಾದ ಮೇಲೂ ಬರೆಯುತ್ತಿರಿ. ಆ ಯೂನಿಟ್ಟುಗಳೂ ರಾಯಚೂರಿನ ಶಕ್ತಿನಗರದಲ್ಲಿ ಕಲ್ಲಿದ್ದಲು ಸುಟ್ಟೋ, ಶರಾವತಿಯ ನೀರು ಇಳಿಸಿಯೋ ಬಂದಿರುವುದೇ ತಾನೆ.

ಪ್ರಶ್ನೆ: ಟಿವಿಯನ್ನು ರಿಮೋಟಿನಲ್ಲಿ ಆರಿಸಿದರೆ ಸಾಲದೇ? ನಮ್ಮೆಜಮಾನರು ಸ್ವಿಚ್ಚೂ ಆರಿಸು ಅಂತ ದಿನಾ ಹೇಳುತ್ತಾರೆ.
– ಓದುಗರು, ಚಿತ್ರದುರ್ಗ

ಉತ್ತರ: ಅವರು ಹೇಳುವುದು ಸರಿ. ಟಿವಿಗಿಂತ ಅದರ ಪಕ್ಕದ ಸೆಟ್‌ಟಾಪ್ ಬಾಕ್ಸನ್ನು ನೋಡಿ. ರಿಮೋಟಿನಲ್ಲಿ ಆರಿಸಿ ಎರಡು ಗಂಟೆ ಆದ ಮೇಲೆ ಅದರ ಮೇಲೆ ಕೈಯಿಡಿ. ಇನ್ನೂ ಬೆಚ್ಚಗಿದ್ದರೆ ಅದು ಕರೆಂಟು ಎಳೆಯುತ್ತಲೇ ಇದೆ ಅಂತ ಅರ್ಥ. 10 ವ್ಯಾಟ್ ಅಂದುಕೊಂಡರೂ ದಿನಕ್ಕೆ 20 ಗಂಟೆಯಂತೆ ತಿಂಗಳಿಗೆ 6 ಯೂನಿಟ್, ಯಾರೂ ನೋಡದ ಟಿವಿಗೆ. ಸ್ವಿಚ್ಚು ಕೈಗೆ ಸಿಗದ ಹಾಗೆ ಟಿವಿ ಹಿಂದೆ ಇದ್ದರೆ, ಸ್ವಿಚ್ ಇರುವ ಎಕ್ಸ್‌ಟೆನ್ಷನ್ ಬೋರ್ಡು ತಂದು ಮುಂದೆ ಇಟ್ಟುಬಿಡಿ.

ಪ್ರಶ್ನೆ: ನಮ್ಮೂರಿನ ಬಿಸಿಲು ನಿಮಗೆ ಗೊತ್ತೇ ಇದೆ. ಮಾರ್ಚಿಂದ ಜೂನ್‌ವರೆಗೆ ಮೂರು ಫ್ಯಾನು ಹಗಲೂ ರಾತ್ರಿ ತಿರುಗುತ್ತವೆ. ಬಿಎಲ್‌ಡಿಸಿ ಫ್ಯಾನು ಅಂತ ಬಂದಿದೆಯಲ್ಲ, ದುಡ್ಡು ಜಾಸ್ತಿ, ತಗೊಳ್ಳಬಹುದಾ? ಇಲ್ಲ ಎಸಿನೇ ಹಾಕಿಸಲಾ?
– ಶಿಕ್ಷಕರು, ಕಲಬುರಗಿ

ಉತ್ತರ: ಸರ್, ನಿಮ್ಮ ಊರಿಗೇ ಹೇಳಿಮಾಡಿಸಿದ ಫ್ಯಾನು ಅದು. ಹಳೇ ಫ್ಯಾನು ಸುಮಾರು 75 ವ್ಯಾಟ್ ತಗೊಂಡರೆ ಇದು 30ರ ಆಸುಪಾಸು. ದಿನಕ್ಕೆ 18 ಗಂಟೆ ತಿರುಗುವ ಮನೆಯಲ್ಲಿ ಹಳೇದಕ್ಕೆ ತಿಂಗಳಿಗೆ 40 ಯೂನಿಟ್ ಆಗುತ್ತದೆ, ಹೊಸದಕ್ಕೆ 16. ಒಂದೇ ಫ್ಯಾನಿಗೆ 24 ಯೂನಿಟ್ ಉಳಿತಾಯ. ಮೂರೂ ಒಟ್ಟಿಗೆ ಬದಲಾಯಿಸಬೇಕು ಅಂತೇನಿಲ್ಲ. ಯಾವುದು ಅತಿ ಹೆಚ್ಚು ಹೊತ್ತು ತಿರುಗುತ್ತದೋ ಅದನ್ನು ಮೊದಲು ಬದಲಾಯಿಸಿ. ನೆಂಟರು ಬಂದಾಗ ಮಾತ್ರ ಹಾಕುವ ರೂಮಿನ ಫ್ಯಾನು ಹಳೇದೇ ಇರಲಿ, ಚೆನ್ನಾಗಿ ಓಡುವುದನ್ನು ಗುಜರಿಗೆ ಹಾಕುವುದು ತಪ್ಪು. 2023ರಿಂದ ಸೀಲಿಂಗ್ ಫ್ಯಾನಿನ ಮೇಲೂ ಸ್ಟಾರ್ ಗುರುತು ಇರಲೇಬೇಕು, ಅಂಗಡಿಯಲ್ಲಿ ಅದನ್ನು ನೋಡಿ ತಗೊಳ್ಳಿ. ಹಳೇ ದೊಡ್ಡ ಡಬ್ಬಿಯಂಥ ರೆಗ್ಯುಲೇಟರ್ ಇದ್ದರೆ ಅದನ್ನೂ ಬದಲಾಯಿಸಿ. ಫ್ಯಾನು ನಿಧಾನಕ್ಕಿಟ್ಟಾಗ ಉಳಿಯಬೇಕಾದ ಕರೆಂಟನ್ನು ಅದು ಬಿಸಿಯಾಗಿ ಕಳೆಯುತ್ತದೆ.

ಎಸಿಗಿಂತ ಮುಂಚೆ ಎರಡು ಕೆಲಸ ಮಾಡಿ ನೋಡಿ. ಒಂದು, ಫೆಬ್ರವರಿ ಕೊನೆಗೆ ತಾರಸಿಗೆ ದಪ್ಪಗೆ ಎರಡು ಕೋಟು ಸುಣ್ಣ ಬಳಿಸಿ. ಮಧ್ಯಾಹ್ನ ಬರಿಗಾಲಲ್ಲಿ ಸುಣ್ಣ ಬಳಿದ ಕಡೆ ಒಂದು ಕ್ಷಣ, ಬಳಿಯದ ಕಡೆ ಒಂದು ಕ್ಷಣ ನಿಂತು ನೋಡಿ, ಎಷ್ಟು ವ್ಯತ್ಯಾಸ ಅಂತ ಕಾಲಿಗೇ ಗೊತ್ತಾಗುತ್ತದೆ. ನಿಮ್ಮ ಕಡೆಯ ಹಳೇ ಮಣ್ಣಿನ ಮಾಳಿಗೆ ಮನೆಗಳು ತಂಪಾಗಿ ಇದ್ದದ್ದೂ ಮೇಲಿಂದ ಶಾಖ ಬೇಗ ಇಳಿಯುತ್ತಿರಲಿಲ್ಲ ಅಂತಲೇ. ಎರಡು, ಏರ್‌ಕೂಲರ್. ಒಣ ಸೆಕೆಯ ಊರುಗಳಲ್ಲಿ ಅದು ಚೆನ್ನಾಗಿ ಕೆಲಸ ಮಾಡುತ್ತದೆ, ಕಿಟಕಿ ಒಂದಿಷ್ಟು ತೆರೆದಿರಬೇಕು ಅಷ್ಟೇ. (ಮಂಗಳೂರಿನಿಂದ ಇದೇ ಪ್ರಶ್ನೆ ಕೇಳಿದವರಿಗೆ ಮಾತ್ರ ಕೂಲರ್ ಬೇಡ ಅನ್ನುತ್ತೇನೆ. ಅಲ್ಲಿ ಗಾಳಿಯಲ್ಲೇ ನೀರಿದೆ, ಕೂಲರ್ ಹಾಕಿದರೆ ಮೈ ಇನ್ನೂ ಅಂಟುತ್ತದೆ.) ಎಷ್ಟು ಮಾಡಿದರೂ ಆಗದು, ಮನೆಯಲ್ಲಿ ವಯಸ್ಸಾದವರಿದ್ದಾರೆ ಅಂದರೆ ಎಸಿ ಹಾಕಿಸಿ, ಅದರಲ್ಲಿ ತಪ್ಪೇನಿಲ್ಲ. 24ರಿಂದ 26ಕ್ಕಿಟ್ಟು ಜೊತೆಗೆ ಫ್ಯಾನು ನಿಧಾನಕ್ಕೆ ಹಾಕಿಕೊಳ್ಳಿ.

ಪ್ರಶ್ನೆ: ಮೊದಲು ಒಂದೂವರೆ ತಿಂಗಳು ಬರುತ್ತಿದ್ದ ಗ್ಯಾಸ್ ಸಿಲಿಂಡರ್ ಈಗ ಒಂದು ತಿಂಗಳೂ ಬರುತ್ತಿಲ್ಲ. ಜನ ಅಷ್ಟೇ, ಅಡುಗೆ ಅಷ್ಟೇ.
– ಓದುಗರು, ತುಮಕೂರು

ಉತ್ತರ: ಜನ ಅಷ್ಟೇ, ಅಡುಗೆ ಅಷ್ಟೇ ಅಂದರೆ ಮೊದಲು ಸೋರಿಕೆ ಇದೆಯಾ ನೋಡಿ. ಸೋಪಿನ ನೊರೆಯನ್ನು ರೆಗ್ಯುಲೇಟರ್, ಪೈಪು, ಒಲೆಗೆ ಪೈಪು ಸೇರುವ ಜಾಗಕ್ಕೆಲ್ಲ ಸವರಿ. ಗುಳ್ಳೆ ಎದ್ದರೆ ಅಲ್ಲೇ ಸೋರುತ್ತಿದೆ. ಬೆಂಕಿಕಡ್ಡಿ ಗೀರಿ ಪರೀಕ್ಷೆ ಮಾಡುವ ಕೆಲಸ ಖಂಡಿತಾ ಬೇಡ. ಸೋರುತ್ತಿದ್ದರೆ ರೆಗ್ಯುಲೇಟರ್ ಬಂದ್ ಮಾಡಿ, ಕಿಟಕಿ ತೆಗೆದು, ಯಾವ ಸ್ವಿಚ್ಚನ್ನೂ ಮುಟ್ಟದೆ ಹೊರಗೆ ಬಂದು 1906ಕ್ಕೆ ಫೋನ್ ಮಾಡಿ.

ಸೋರಿಕೆ ಇಲ್ಲ ಅಂದರೆ ಉರಿಯ ಬಣ್ಣ ನೋಡಿ. ನೀಲಿ ಇರಬೇಕು. ಹಳದಿ ನಾಲಿಗೆ ಚಾಚುತ್ತಿದ್ದರೆ, ಪಾತ್ರೆ ತಳಕ್ಕೆ ಮಸಿ ಹಿಡಿಯುತ್ತಿದ್ದರೆ, ಗ್ಯಾಸು ಪೂರ್ತಿ ಉರಿಯುತ್ತಿಲ್ಲ. ಬರ್ನರಿನ ತೂತುಗಳಲ್ಲಿ ಉಕ್ಕಿದ ಹಾಲು, ಗಂಜಿ ಕಟ್ಟಿಕೊಂಡಿರುತ್ತದೆ. ಬಿಸಿನೀರಲ್ಲಿ ನೆನೆಸಿ ಪಿನ್ನಿನಿಂದ ಒಂದೊಂದೇ ತೂತು ಬಿಡಿಸಿ, ಚೆನ್ನಾಗಿ ಒಣಗಿಸಿ ಹಾಕಿ.

ಆಮೇಲೆ ಕುಕ್ಕರ್. ನಾನು ನೋಡಿದ ಮನೆಗಳಲ್ಲಿ ಅತಿ ಜಾಸ್ತಿ ಗ್ಯಾಸು ಹೋಗುವುದು ಇಲ್ಲೇ. ಬೇಳೆಗೆ ದೊಡ್ಡ ಉರಿ ಇಟ್ಟು ಐದಾರು ವಿಷಲ್ ಕೂಗಿಸುತ್ತೇವೆ. ನಿಜ ಏನೆಂದರೆ, ಒಳಗೆ ಆವಿ ತುಂಬಿ ಮೊದಲ ವಿಷಲ್ ಕೂಗಿದ ಮೇಲೆ ಒಳಗಿನ ಬಿಸಿ ಇನ್ನು ಏರುವುದಿಲ್ಲ. ಉರಿ ಎಷ್ಟೇ ದೊಡ್ಡದಿದ್ದರೂ ಜಾಸ್ತಿಯಾದದ್ದೆಲ್ಲ ಆವಿಯಾಗಿ ಬುಸ್ ಅಂತ ಹೊರಗೆ ಹೋಗುತ್ತದೆ. ಮೊದಲ ವಿಷಲ್ ಆದ ಕೂಡಲೇ ಉರಿ ಸಣ್ಣ ಮಾಡಿ ಎಂಟು, ಹತ್ತು ನಿಮಿಷ ಬಿಡಿ. ಆರಿಸಿ, ಆವಿ ತಾನಾಗಿ ಇಳಿಯುವವರೆಗೆ ಮುಚ್ಚಳ ತೆಗೆಯಬೇಡಿ, ಬೇಯುವ ಕೆಲಸ ಆಗಲೂ ನಡೆಯುತ್ತಿರುತ್ತದೆ. ತೊಗರಿಬೇಳೆ ಅರ್ಧ ಗಂಟೆ, ಕಡಲೆಕಾಳು ರಾತ್ರಿಯಿಡೀ ನೆನೆದಿರಲಿ. ಬೇಳೆ, ಅನ್ನ, ತರಕಾರಿ ಮೂರನ್ನೂ ಡಬ್ಬಿಗಳಲ್ಲಿ ಒಂದರ ಮೇಲೊಂದು ಇಟ್ಟು ಒಂದೇ ಸಲ ಬೇಯಿಸಿ. ಫ್ರಿಡ್ಜಿನ ಹಾಲನ್ನು ನೇರ ಒಲೆಗಿಡದೆ ಅರ್ಧ ಗಂಟೆ ಮುಂಚೆ ಹೊರಗಿಡಿ. ತೆರೆದ ಪಾತ್ರೆಯಲ್ಲಿ ಸಾರು ಕುದಿಸುವಾಗ ತಟ್ಟೆ ಮುಚ್ಚಿ. ಎರಡು ಸಿಲಿಂಡರ್ ಮುಗಿಯುವಷ್ಟರಲ್ಲಿ ಏನಾಯಿತು ಅಂತ ನನಗೆ ತಿಳಿಸಿ.

ಪ್ರಶ್ನೆ: ಮದುವೆಯಾಗಿ ಮಲೆನಾಡಿಗೆ ಬಂದೆ. ಇಲ್ಲಿ ಅತ್ತೆ ಬಚ್ಚಲ ಹಂಡೆಗೆ ದಿನಾ ಬೆಂಕಿ ಹಾಕುತ್ತಾರೆ. ನಾನು ಗೀಸರ್ ಹಾಕಿಸೋಣ ಅಂದರೆ ಒಪ್ಪುತ್ತಿಲ್ಲ. ಹೊಗೆ ನನಗೆ ಆಗುವುದಿಲ್ಲ.
– ಓದುಗರು, ತೀರ್ಥಹಳ್ಳಿ ತಾಲೂಕು

ಉತ್ತರ: ಅತ್ತೆ ಹೇಳುವುದರಲ್ಲೂ ಹುರುಳಿದೆ, ನಿಮ್ಮ ಕಷ್ಟವೂ ನಿಜ. ತೋಟದ ಅಡಿಕೆ ಸಿಪ್ಪೆ, ತೆಂಗಿನ ಸೋಗೆ, ಗರಟೆ ಹೇಗೂ ಬಿದ್ದಿರುತ್ತದೆ. ಅದರಲ್ಲಿ ಕಾದ ನೀರಿಗೆ ಒಂದು ಯೂನಿಟ್ಟೂ ಖರ್ಚಿಲ್ಲ. ತೊಂದರೆ ಬೆಂಕಿಯದ್ದಲ್ಲ, ಹೊಗೆಯದ್ದು. ಹೊಗೆ ಬರುವುದು ಬಹುಪಾಲು ಹಸಿ ಸೌದೆಯಿಂದ. ಸೌದೆಯೊಳಗಿನ ನೀರು ಆರುವುದಕ್ಕೇ ಬೆಂಕಿಯ ಒಂದು ಪಾಲು ಹೋಗುತ್ತದೆ. ಮಳೆಗಾಲಕ್ಕೆ ಮುಂಚೆಯೇ ಒಣಗಿದ್ದನ್ನು ಕೊಟ್ಟಿಗೆಯಲ್ಲಿ ಪೇರಿಸಿಡಿ, ಹಂಡೆಗೆ ಮುಚ್ಚಳ ಹಾಕಿ, ಒಲೆಗೆ ಹೊಗೆ ಹೊರಗೆ ಹೋಗುವ ಕೊಳವೆ ಕಟ್ಟಿಸಿ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಅಮೂಲ್ಯ ರೆಡ್ಡಿಯವರು 'ಅಸ್ತ್ರ' ಅಂತ ಹಳ್ಳಿಗಳಿಗಾಗಿಯೇ ಒಂದು ಕೇಂದ್ರ ಶುರು ಮಾಡಿದರು. ಸೌದೆ ಕಡಿಮೆ ಬೇಡುವ, ಹೊಗೆ ಕೊಳವೆ ಇರುವ ಅಸ್ತ್ರ ಒಲೆ ಬಂದದ್ದು ಅಲ್ಲಿಂದಲೇ. ನಿಮ್ಮ ಸುತ್ತಮುತ್ತ ಅದನ್ನು ಕಟ್ಟಿದ ಅನುಭವ ಇರುವ ಗಾರೆಯವರು ಇದ್ದಾರಾ ಅಂತ ಅತ್ತೆಯನ್ನೇ ಕೇಳಿ, ಹಳಬರಿಗೆ ಗೊತ್ತಿರುತ್ತದೆ.

ಒಂದು ಮಾತು ಮಾತ್ರ ಕೈಮುಗಿದು ಹೇಳುತ್ತೇನೆ. ಬೆಂಕಿ ಹೊತ್ತಿಸಲು ಪ್ಲಾಸ್ಟಿಕ್ ಕವರ್ ಹಾಕುವ ರೂಢಿ ಈಗ ಎಲ್ಲ ಕಡೆ ಬಂದಿದೆ. ಆ ಹೊಗೆ ಒಲೆ ಮುಂದೆ ಕೂತವರ ಎದೆಗೇ ಹೋಗುತ್ತದೆ, ಆ ಬೂದಿ ಗಿಡಕ್ಕೂ ಆಗುವುದಿಲ್ಲ. ತೆಂಗಿನ ನಾರು, ಒಣ ಗರಿ ಇರುವಾಗ ಅದು ಬೇಡವೇ ಬೇಡ.

ಪ್ರಶ್ನೆ: ಬಾಲ್ಕನಿಯಲ್ಲಿ ಹಸಿ ಕಸದಿಂದ ಗೊಬ್ಬರ ಮಾಡಲು ಹೋಗಿ ವಾಸನೆ ಬಂದು, ಬಿಳಿ ಹುಳು ಆಗಿ, ಪಕ್ಕದ ಮನೆಯವರ ಹತ್ತಿರ ಮಾತು ಕೇಳಬೇಕಾಯಿತು. ಬಿಟ್ಟುಬಿಡಲೇ?
– ಓದುಗರು, ಬೆಂಗಳೂರು

ಉತ್ತರ: ದಯವಿಟ್ಟು ಬಿಡಬೇಡಿ! ನೀವು ಅರ್ಧ ದಾರಿ ಬಂದಿದ್ದೀರಿ. ನನ್ನ ಮೊದಲ ಮಡಕೆಯೂ ಹೀಗೇ ನಾರಿತ್ತು.

ವಾಸನೆ ಬಂತು ಅಂದರೆ ನೀರು ಜಾಸ್ತಿ, ಗಾಳಿ ಕಡಿಮೆ, ಅಷ್ಟೇ. ನಮ್ಮ ಅಡುಗೆಮನೆ ಕಸ ಬರೀ ನೀರು. ಸೌತೆಕಾಯಿ ಸಿಪ್ಪೆ, ಟೊಮೆಟೊ, ಸಾರಿನಲ್ಲಿ ಉಳಿದ ಕರಿಬೇವು, ಸೋಸಿದ ಚಹಾಪುಡಿ. ಇದಕ್ಕೆ ಸಮಸಮ ಅಳತೆಯಲ್ಲಿ ಒಣಗಿದ್ದು ಬೀಳಬೇಕು. ಒಂದು ಬಟ್ಟಲು ಹಸಿ ಕಸಕ್ಕೆ ಒಂದು ಬಟ್ಟಲು ಒಣ ಎಲೆ, ಇಲ್ಲವೇ ಮರದ ಹೊಟ್ಟು, ಇಲ್ಲವೇ ತೆಂಗಿನ ನಾರಿನ ಪುಡಿ. ನಿಮ್ಮ ರಸ್ತೆಯಲ್ಲಿ ಹೊಂಗೆ ಮರವೋ ಮಳೆಮರವೋ ಇದ್ದೇ ಇರುತ್ತದೆ. ಗುಡಿಸುವವರು ಎಲೆ ರಾಶಿ ಮಾಡಿದಾಗ ಒಂದು ಚೀಲ ಕೇಳಿ ತಂದಿಟ್ಟುಕೊಳ್ಳಿ, ಆ ಎಲೆಗೆ ಯಾರೋ ಬೆಂಕಿ ಇಡುವುದೂ ತಪ್ಪುತ್ತದೆ.

ಹದ ನೋಡುವುದು ಹೀಗೆ. ಮಡಕೆಯೊಳಗಿಂದ ಒಂದು ಹಿಡಿ ತೆಗೆದು ಮುಷ್ಟಿಯಲ್ಲಿ ಹಿಂಡಿ. ಬೆರಳ ಸಂದಿಯಿಂದ ನೀರು ಇಳಿದರೆ ಜಾಸ್ತಿ ಒದ್ದೆ, ಒಣ ಎಲೆ ಹಾಕಿ ಕೆದಕಿ. ಉಂಡೆ ನಿಲ್ಲದೆ ಪುಡಿಪುಡಿ ಉದುರಿದರೆ ಒಣಗಿದೆ, ನೀರು ಚಿಮುಕಿಸಿ. ಒಬ್ಬಟ್ಟಿನ ಹೂರಣದ ಹಾಗೆ ಉಂಡೆ ನಿಂತು, ಕೈಗೆ ಪಸೆ ಮಾತ್ರ ಹತ್ತಿದರೆ ಸರಿಯಾಗಿದೆ. ಎರಡು ದಿನಕ್ಕೊಮ್ಮೆ ಕೋಲಿನಿಂದ ತಳದವರೆಗೆ ಕೆದಕಿ, ವಾರಕ್ಕೊಮ್ಮೆ ಒಂದು ಲೋಟ ಹುಳಿ ಮಜ್ಜಿಗೆ ಹಾಕಿ. ಮೀನು, ಮಾಂಸ, ಎಣ್ಣೆ ಪದಾರ್ಥ, ಜಾಸ್ತಿ ಅನ್ನ ಹಾಕಬೇಡಿ. ಒಳಗೆ ಕೈಯಿಟ್ಟರೆ ಬಿಸಿ ತಾಗುತ್ತದಲ್ಲ, ಆಗ ಕೆಲಸ ಚೆನ್ನಾಗಿ ನಡೆದಿದೆ ಅಂತ. ಎರಡು ತಿಂಗಳಲ್ಲಿ ಕಪ್ಪಗೆ, ಮೊದಲ ಮಳೆ ಬಿದ್ದ ಮಣ್ಣಿನ ಘಮದ ಗೊಬ್ಬರ ಸಿಗುತ್ತದೆ.

ಆ ಹುಳುಗಳು ಕಸ ತಿಂದು ಗೊಬ್ಬರ ಮಾಡುವವೇ. ನಿಮಗಾಗಲಿ ಗಿಡಕ್ಕಾಗಲಿ ಏನೂ ಮಾಡುವುದಿಲ್ಲ. ನೋಡಲು ಆಗದಿದ್ದರೆ ಹಸಿ ಕಸ ಕಾಣದ ಹಾಗೆ ಮೇಲೆ ಎರಡು ಬೆರಳು ದಪ್ಪ ಒಣ ಪುಡಿ ಹರಡಿ, ಮಡಕೆ ಬಾಯಿಗೆ ಹಳೇ ಕಾಟನ್ ಬಟ್ಟೆ ಬಿಗಿಯಾಗಿ ಕಟ್ಟಿ. ನೊಣ ಕೂರದಿದ್ದರೆ ಹುಳುವೂ ಇಲ್ಲ. ಮೊದಲ ಗೊಬ್ಬರದಲ್ಲಿ ಒಂದು ಡಬ್ಬಿ ಪಕ್ಕದ ಮನೆಯವರ ತುಳಸಿ ಗಿಡಕ್ಕೆ ಕೊಡಿ.

ನಾನು ಇಷ್ಟು ಒತ್ತಿ ಹೇಳಲು ಕಾರಣ ಇದೆ. ಬೆಂಗಳೂರಿನ ಕಸವನ್ನು ವರ್ಷಗಟ್ಟಲೆ ಮಾವಳ್ಳಿಪುರ, ಮಂಡೂರಿನಂಥ ಹಳ್ಳಿಗಳ ಪಕ್ಕ ಸುರಿದರು. ನೊಣ, ನಾತ, ಕೆಟ್ಟ ನೀರು ಎಲ್ಲ ಆ ಜನ ಅನುಭವಿಸಿದರು. ಮಂಡೂರಿನವರು ಬೀದಿಗಿಳಿದು ಹೋರಾಡಿದ ಮೇಲೆ 2014ರ ಕೊನೆಗೆ ಅಲ್ಲಿ ಸುರಿಯುವುದು ನಿಂತಿತು. ಆ ನಾತದಲ್ಲಿ ಬಹುಪಾಲು ಹಸಿ ಕಸದ್ದೇ, ನಿಮ್ಮ ಮಡಕೆಯೊಳಗೆ ಇರಬಹುದಾಗಿದ್ದದ್ದು.

ಪ್ರಶ್ನೆ: ನಾವು ಹಸಿ ಕಸ, ಒಣ ಕಸ ಬೇರೆ ಮಾಡಿ ಕೊಟ್ಟರೂ ಗಾಡಿಯಲ್ಲಿ ಒಟ್ಟಿಗೆ ಸುರಿದುಕೊಂಡು ಹೋಗುತ್ತಾರೆ. ಮತ್ಯಾಕೆ ನಾವು ಕಷ್ಟಪಡಬೇಕು?
– ಮೂರು ಊರುಗಳಿಂದ ಇದೇ ಪತ್ರ ಬಂದಿದೆ, ಹೆಸರು ಹಾಕುತ್ತಿಲ್ಲ

ಉತ್ತರ: ಸಿಟ್ಟು ಬರುವುದು ಸಹಜ. ನಿಮ್ಮ ಬೀದಿಯ ನಾಲ್ಕೈದು ಮನೆಯವರು ಸೇರಿ, ಗಾಡಿ ಬಂದಾಗ ಎದುರಿಗೆ ನಿಂತು ಮರ್ಯಾದೆಯಿಂದ ಕೇಳಿ, ವಾರ್ಡಿನವರಿಗೆ ಬರೆದು ಕೊಡಿ. ಬೆಂಗಳೂರಿನಲ್ಲಿ ಕಸ ಬೇರೆ ಮಾಡಿಯೇ ಕೊಡಬೇಕು, ಎರಡು ಬುಟ್ಟಿ ಒಂದು ಚೀಲ (ಹಸಿ ಕಸಕ್ಕೊಂದು ಬುಟ್ಟಿ, ಪ್ಯಾಡು, ಡೈಪರಿನಂಥದಕ್ಕೊಂದು ಬುಟ್ಟಿ, ಒಣ ಕಸಕ್ಕೆ ಚೀಲ) ಅಂತ ಹೈಕೋರ್ಟೇ 2015ರಲ್ಲಿ ಹೇಳಿತು. ಆಗುವುದಿಲ್ಲ ಅನ್ನುವವರು ಮೈಸೂರಿನ ಕುಂಬಾರಕೊಪ್ಪಲಿಗೆ ಒಮ್ಮೆ ಹೋಗಿ ಬನ್ನಿ. ಸುತ್ತಲಿನ ಮನೆಗಳ ಕಸ ಅಲ್ಲಿಗೆ ಬಂದು, ಹಸಿಯದ್ದು ಗೊಬ್ಬರ ಆಗುತ್ತದೆ, ಒಣಗಿದ್ದು ಬಗೆಬಗೆಯಾಗಿ ಬೇರೆಯಾಗಿ ಮಾರಾಟ ಆಗುತ್ತದೆ.

ಗಾಡಿಯಲ್ಲಿ ಬೆರೆತರೂ ನೀವು ಬೇರೆ ಮಾಡುವುದನ್ನು ನಿಲ್ಲಿಸಬೇಡಿ ಅಂತ ನಾನು ಹೇಳುವುದು ಬೇರೆ ಕಾರಣಕ್ಕೆ. ಕೊನೆಗೆ ಆ ಕಸಕ್ಕೆ ಕೈ ಹಾಕುವವರು ಒಬ್ಬರು ಮನುಷ್ಯರು. ಪೌರಕಾರ್ಮಿಕರೊಬ್ಬರ ಅಂಗೈ ನೋಡಿದ್ದೇನೆ, ಒಡೆದ ಗಾಜು ಕುಯ್ದ ಗುರುತು ಹೆಬ್ಬೆರಳ ಬುಡದಿಂದ ಮಣಿಕಟ್ಟಿನವರೆಗೆ ಇತ್ತು. ಗಾಜು, ಬ್ಲೇಡು, ಸೂಜಿ ಇದ್ದರೆ ದಪ್ಪ ಪೇಪರಿನಲ್ಲಿ ಸುತ್ತಿ ದಾರ ಕಟ್ಟಿ, ಗಾಜು ಅಂತ ಬಾಯಲ್ಲಿ ಹೇಳಿ ಕೊಡಿ. ಪ್ಯಾಡು, ಡೈಪರು ಪೇಪರಿನಲ್ಲಿ ಸುತ್ತಿ ಮೇಲೆ ಕೆಂಪು ಗುರುತು ಹಾಕಿ. ಹಾಲಿನ ಕವರನ್ನು ತೊಳೆದು ಕೊಡವಿ ಒಣಗಿಸಿ, ಮತ್ತೆ ಕತ್ತರಿಸುವಾಗ ಮೂಲೆಯನ್ನು ಪೂರ್ತಿ ತುಂಡು ಮಾಡಬೇಡಿ, ತುದಿ ಅಂಟಿಕೊಂಡೇ ಇರಲಿ. ಆ ಉಗುರಿನಷ್ಟು ಚೂರನ್ನು ಯಾರೂ ಆಯುವುದಿಲ್ಲ, ಅದು ಚರಂಡಿಗೇ ಹೋಗುತ್ತದೆ. ತೊಳೆದು ಒಣಗಿದ ಕವರು ಗುಜರಿಯಲ್ಲೂ ಹೋಗುತ್ತದೆ.

ಪ್ರಶ್ನೆ: ಆಂಟಿ, ನಾನು ಎಂಟನೇ ಕ್ಲಾಸು. ಮನೆಯಲ್ಲಿ ಕರೆಂಟು ಉಳಿಸಲು ನಾನು ಏನು ಮಾಡಬಹುದು? ಗೀಸರ್, ಫ್ಯಾನ್ ಎಲ್ಲ ತಗೊಳ್ಳೋದು ದೊಡ್ಡವರು ಅಲ್ವಾ?
– ವಿದ್ಯಾರ್ಥಿನಿ, ಮಂಡ್ಯ

ಉತ್ತರ: ತಗೊಳ್ಳೋದು ದೊಡ್ಡವರು, ಆದರೆ ನೋಡುವುದು ನಿನಗೆ ಚೆನ್ನಾಗಿ ಬರುತ್ತದೆ ಪುಟ್ಟಿ. ಹೋದ ವರ್ಷದ ನೋಟ್‌ಬುಕ್ಕಿನಲ್ಲಿ ಉಳಿದ ಖಾಲಿ ಹಾಳೆ ಹರಿದು ಹೊಲಿದು ಒಂದು ಪುಸ್ತಕ ಮಾಡಿಕೋ. ದಿನಾ ಸಂಜೆ ಆರು ಗಂಟೆಗೆ ಮೀಟರಿನ ಅಂಕಿ ಅದರಲ್ಲಿ ಬರಿ, ನಿನ್ನೆಯದನ್ನು ಕಳೆ. ಫ್ರಿಡ್ಜಿನ ಬಾಗಿಲ ಸಂದಿಗೆ ಒಂದು ಹಾಳೆ ಇಟ್ಟು ಬಾಗಿಲು ಹಾಕಿ ಎಳೆದು ನೋಡು. ಸಲೀಸಾಗಿ ಜಾರಿ ಬಂದರೆ ಸುತ್ತಲಿನ ರಬ್ಬರು ಸಡಿಲವಾಗಿದೆ, ತಂಪು ಸೋರುತ್ತಿದೆ ಅಂತ ಅಮ್ಮನಿಗೆ ಹೇಳು. ಮೋಟರ್ ಹಾಕಿದಾಗ ಟ್ಯಾಂಕು ತುಂಬಲು ಎಷ್ಟು ನಿಮಿಷ ಬೇಕು ಅಂತ ಒಮ್ಮೆ ಲೆಕ್ಕ ಹಾಕಿ ಸ್ವಿಚ್ ಪಕ್ಕ ಚೀಟಿ ಅಂಟಿಸು, ನೀರು ಉಕ್ಕಿ ಬೀಳುವವರೆಗೆ ಯಾರೂ ಕಾಯಬೇಕಿಲ್ಲ. ಒಂದು ತಿಂಗಳಾದ ಮೇಲೆ ನಿನ್ನ ಪುಸ್ತಕದ ಲೆಕ್ಕ ನನಗೆ ಬರೆದು ಕಳಿಸು. ಯಾವ ದಿನ ಅತಿ ಜಾಸ್ತಿ ಯೂನಿಟ್ ಆಗಿದೆ, ಆ ದಿನ ಮನೆಯಲ್ಲಿ ಏನು ನಡೆದಿತ್ತು ಅಂತಲೂ ಬರಿ.